ಶರಣಾಗಬೇಕ್ರಿ: ಒಂದು ನಗೆನಾಟಕಕ್ಕೆ ಹೆಸರಿಟ್ಟ ಅನುಭವ

ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕವನ್ನು ಕಲಬುರಗಿ ಮಾತಿಗೆ ತರುವಾಗ ಸಂಭಾಷಣೆಗಿಂತ ಜಾಸ್ತಿ ಕಾಡಿದ್ದು ಅದರ ಹೆಸರು. 1895ರಲ್ಲಿ ಲಂಡನ್ನಿನಲ್ಲಿ ಮೊದಲು ಆಡಿದ ನಾಟಕ ಇದು. ‘ಅರ್ನೆಸ್ಟ್’ ಅಂದರೆ ಪ್ರಾಮಾಣಿಕ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದಕ್ಷರ ಕಡಿಮೆ ಮಾಡಿದರೆ ಅದೇ ಗಂಡಸಿನ ಹೆಸರು, ಉಚ್ಚಾರ ಮಾತ್ರ ಒಂದೇ. ನಾಯಕ ಹಳ್ಳಿಯಲ್ಲಿ ಜ್ಯಾಕ್, ಲಂಡನ್ನಿಗೆ ಬಂದರೆ ಅರ್ನೆಸ್ಟ್. ಹುಡುಗಿಗೆ ಅರ್ನೆಸ್ಟ್ ಅನ್ನೋ ಹೆಸರಿನವನೇ ಬೇಕು. ಪ್ರಾಮಾಣಿಕನ ಹೆಸರನ್ನೇ ಸುಳ್ಳು ಹೇಳಿ ಇಟ್ಟುಕೊಂಡಿದ್ದಾನೆ ಪುಣ್ಯಾತ್ಮ! ಕೊನೆಗೆ ನೋಡಿದರೆ ಅವನ ನಿಜವಾದ ಹೆಸರೂ ಅದೇ. ನಾಟಕದ ಕಡೇ ಮಾತು ಮುಗಿಯೋದೂ ಈ ಶೀರ್ಷಿಕೆಯಲ್ಲೇ.

ನಮ್ಮ ತಂಡದಲ್ಲಿ ಮೊದಲು ಬಂದ ಸಲಹೆ ‘ಸತ್ಯಪ್ಪನ ಸುಳ್ಳು’. ಕೇಳೋಕೆ ಚೆನ್ನಾಗಿದೆ, ಆದರೆ ಪೋಸ್ಟರಿನಲ್ಲೇ ಕಥೆ ಮುಗಿದುಹೋಯಿತು. ಇನ್ನೊಬ್ಬರಿಗೆ ಪೋಲಿ ಡಬಲ್ ಮೀನಿಂಗ್ ಬೇಕಿತ್ತು. ಅದರಿಂದ ಟಿಕೆಟ್ ಹೋಗುತ್ತವೆ, ಇಲ್ಲ ಅನ್ನೋಲ್ಲ. ಆದರೆ ಅಂಥ ನಗು ಗೇಟಿನಲ್ಲೇ ಖರ್ಚಾಗುತ್ತದೆ, ಒಳಗೆ ಕೂತವರಿಗೆ ಏನೂ ಉಳಿಯೋದಿಲ್ಲ.

ದಾರಿ ತೋರಿಸಿದ್ದು ನಮ್ಮ ನಾಟಕಕಾರ ಟಿ.ಪಿ. ಕೈಲಾಸಂ. ‘ಬಂಡ್ವಾಳ್ವಿಲ್ಲದ್ ಬಡಾಯಿ’ ನೋಡಿ. ಬಂಡವಾಳ ಅಂದರೆ ದುಡ್ಡು. ‘ಇವನ ಬಂಡವಾಳ ಗೊತ್ತಿಲ್ವಾ’ ಅಂದಾಗ ಯೋಗ್ಯತೆ. ಲಾಯರ್ ಅಹೋಬ್ಲು ಜಂಭ ಕೊಚ್ಚಿದಷ್ಟೂ ಆ ಎರಡನೇ ಅರ್ಥ ಮೇಲೆ ಬರುತ್ತದೆ. ‘ಹೋಂ ರೂಲು’ ಇನ್ನೂ ಚುರುಕು. ದೇಶಕ್ಕೆ ಸ್ವಯಮಾಡಳಿತ ಬೇಕು ಅಂತ ಅನಿ ಬೆಸೆಂಟ್ 1916ರಲ್ಲಿ ಹೋಂ ರೂಲ್ ಲೀಗ್ ಕಟ್ಟಿದ್ದು ಗೊತ್ತಿದ್ದವರಿಗೆ ಆ ಹೆಸರಲ್ಲಿ ದೇಶವೂ ಕೇಳಿಸುತ್ತದೆ, ಮನೆಯ ದರ್ಬಾರೂ ಕೇಳಿಸುತ್ತದೆ. ಆ ಚಳವಳಿ ಗೊತ್ತಿಲ್ಲದವರಿಗೆ ಇವತ್ತು ಅರ್ಧ ಹೆಸರೇ ಸಿಗೋದು. ಎರಡೂ ಅರ್ಥ ನೋಡುವವರ ಹತ್ತಿರ ಮೊದಲೇ ಇರಬೇಕು. ಕರಪತ್ರದಲ್ಲಿ ವಿವರಿಸಿದರೆ ಯಾರೂ ನಗೋದಿಲ್ಲ.

ಹಾಗಾದರೆ ಕಲಬುರಗಿಯವರ ಕಿವಿಯಲ್ಲಿ ಏನಿದೆ? ಶರಣಬಸವೇಶ್ವರರ ಊರು ಇದು. ಓಣಿಗೊಬ್ಬ ಶರಣಪ್ಪ, ಶರಣು, ಶರಣಬಸಪ್ಪ. ಶರಣ ಅಂದರೆ ನುಡಿದಂತೆ ನಡೆಯುವವನೂ ಹೌದು. ಹೆಸರು, ಗುಣ ಎರಡೂ ಸಿಕ್ಕವು. ‘ಶರಣ ಆಗಬೇಕ್ರಿ’ ಅಂತ ಬರೆದೆ. ಶರಣರ ಹೆಸರಲ್ಲಿ ಹಾಸ್ಯ ಏನ್ರೀ ಅಂತ ಹಿರಿಯರೊಬ್ಬರು ಕೇಳಿದರು. ನಗೋದು ಶರಣರನ್ನಲ್ರೀ, ಆ ಹೆಸರು ಕದ್ದವನನ್ನ ಅಂದೆ. ಒಪ್ಪಿದರು.

ರಿಹರ್ಸಲ್ಲಿನಲ್ಲಿ ನಾಯಕ ಅದನ್ನು ಬಿರುಸಾಗಿ ಹೇಳಿದಾಗ ಏಣಿ ಮೇಲಿದ್ದ ಲೈಟಿನ ಹುಡುಗ, ‘ಸರ, ಇಂವಗ ಮದಿವಿ ಆತೇನ್ರಿ?’ ಅಂದ. ಅವನಿಗೆ ಕೇಳಿಸಿದ್ದು ಶರಣಾಗತಿ! ಶರಣ ಆಗು, ಶರಣು ಆಗು. ಕೂಡಿಸಿ ಅಂದರೆ ಎರಡೂ ‘ಶರಣಾಗು’. ಶಾಲೆಯಲ್ಲಿ ಬೈಕೊಂಡು ಕಲಿತ ಸಂಧಿ ಪುಕ್ಕಟೆಯಾಗಿ ಮೂರನೇ ಅರ್ಥ ಕೊಟ್ಟಿತು. ಹುಡುಗಿಯ ಜಬರ್ದಸ್ತ್ ತಾಯಿ ಎದುರು ಕೈಕಟ್ಟಿ ನಿಂತವನಿಗೆ ಇನ್ನೇನು ಬೇಕು?

ಆಮೇಲೆ ಉಳಿದದ್ದು ಸಲೀಸು. ಆಳಂದದ ಕಡೆ ಹೊಲದ ಮನೆಯಲ್ಲಿ ಅವನು ಜಗನ್ನಾಥ, ಕಲಬುರಗಿಯಲ್ಲಿ ಶರಣು. ಮೂಲದಲ್ಲಿ ಅವನು ಕೂಸಾಗಿದ್ದಾಗ ಸಿಕ್ಕಿದ್ದು ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಲ್ಲಿ, ಒಂದು ಕೈಚೀಲದಲ್ಲಿ. ನಮ್ಮಲ್ಲಿ ವಾಡಿ ಜಂಕ್ಷನ್. ‘ವಾಡಿ ಸ್ಟೇಷನ್ನ್ಯಾಗ? ಚೀಲದಾಗ?’ ಅಂತ ಹುಡುಗಿಯ ತಾಯಿ ಎಳೆದು ಕೇಳಿದಾಗ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ, ಅಷ್ಟು ನಗು.

ಪೋಸ್ಟರಿನ ಕರಡಿನಲ್ಲಿ ‘ಶರಣ’ ಒಂದು ಸಾಲು, ‘ಆಗಬೇಕ್ರಿ’ ಇನ್ನೊಂದು ಸಾಲು ಬಂದಿತ್ತು. ನೋಡೋಕೆ ಅಂದ, ಆದರೆ ಶರಣಾಗತಿ ಮಾಯ. ಕೂಡಿಸಿ ಹಾಕಿಸಿದೆ. ನಾಯಕನಿಗೂ ಅದನ್ನೇ ಹೇಳಿದೆ: ಕಡೇ ಮಾತಲ್ಲಿ ‘ಶರಣ’ ಅಂತ ತಡೀಬೇಡಪ್ಪ, ಒಂದೇ ಉಸಿರಿಗೆ ಹೇಳು, ಹೇಳುವಾಗ ಹುಡುಗಿಯನ್ನಲ್ಲ, ಅವರವ್ವನನ್ನ ನೋಡು.

ಈಗ ಶೇಕ್ಸ್‌ಪಿಯರ್‌ನ ‘ಮಚ್ ಅಡೂ ಅಬೌಟ್ ನಥಿಂಗ್’ ಹಿಡಿದಿದ್ದೇನೆ. ಅವನ ಕಾಲದಲ್ಲಿ ‘ನಥಿಂಗ್’ (ಏನೂ ಇಲ್ಲ) ಮತ್ತು ‘ನೋಟಿಂಗ್’ (ಗಮನಿಸೋದು) ಹೆಚ್ಚುಕಡಿಮೆ ಒಂದೇ ಥರ ಕೇಳುತ್ತಿದ್ದವು. ನಾಟಕದ ತುಂಬಾ ಮರೆಯಲ್ಲಿ ನಿಂತು ಕೇಳೋದೇ ಕೆಲಸ. ಸದ್ಯಕ್ಕೆ ‘ಕಿವಿಮಾತು’ ಅಂತ ಬರೆದಿಟ್ಟಿದ್ದೇನೆ. ಕಿವಿ ಬಂತು, ‘ಏನೂ ಇಲ್ಲ’ ಅನ್ನೋದು ಇನ್ನೂ ಬಂದಿಲ್ಲ.