ಪಕ್ಕದ ಮನೆಯವನ ಅಸಭ್ಯ ವರ್ತನೆಗೆ ಕಾನೂನಿನಿಂದ ಸಿಕ್ಕ ಪರಿಹಾರ

ನಾನು ಬಟ್ಟೆ ಒಣಹಾಕಲು ತಾರಸಿಗೆ ಹೋದಾಗಲೆಲ್ಲ ಪಕ್ಕದ ಮನೆಯ ವ್ಯಕ್ತಿ ತನ್ನ ಕಿಟಕಿಯಲ್ಲಿ ನಿಂತು ಅಶ್ಲೀಲ ಸನ್ನೆ ಮಾಡುತ್ತಿದ್ದನು. ಆತ ತನ್ನ ಮನೆಯೊಳಗೇ ಇರುವುದರಿಂದ ಕಾನೂನು ಏನೂ ಮಾಡಲಾರದೆಂದು ನಂಬಿ ಹಲವು ತಿಂಗಳು ಸಹಿಸಿದೆ. ಆ ನಂಬಿಕೆಯೇ ತಪ್ಪಾಗಿತ್ತು.

ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಈಗಿನ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ನಡೆಯುವ ಅಶ್ಲೀಲ ಕೃತ್ಯಕ್ಕೆ ಅನ್ವಯಿಸುತ್ತದೆ. ಆದರೆ ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡಿದ ಮಾತು, ಮಾಡಿದ ಸನ್ನೆ ಅಥವಾ ಆಕೆಯ ಖಾಸಗಿತನದ ಅತಿಕ್ರಮಣವನ್ನು ಶಿಕ್ಷಿಸುವ 79ನೇ ಕಲಂನಲ್ಲಿ ಸ್ಥಳ ಸಾರ್ವಜನಿಕವಾಗಿರಬೇಕೆಂಬ ಷರತ್ತಿಲ್ಲ. ಅದರಡಿ 3 ವರ್ಷಗಳವರೆಗೆ ಸಾದಾ ಸೆರೆವಾಸ ಮತ್ತು ದಂಡ ವಿಧಿಸಬಹುದು. ಈ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ ಭಾರತೀಯ ದಂಡ ಸಂಹಿತೆಯ 509ನೇ ಕಲಂ ಅನ್ವಯವಾಗುತ್ತದೆ.

ಪ್ರತಿ ಘಟನೆಯ ದಿನಾಂಕ, ಸಮಯ ಮತ್ತು ಕಂಡವರ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟೆ. ನನ್ನ ತಾರಸಿಯಿಂದಲೇ ತೆಗೆದ ಎರಡು ವಿಡಿಯೊಗಳನ್ನು ಕತ್ತರಿಸದೆ, ಯಾರಿಗೂ ಹಂಚದೆ ಮೂಲ ಫೋನಿನಲ್ಲೇ ಉಳಿಸಿಕೊಂಡೆ.

ಠಾಣೆಯಲ್ಲಿ ಮೊದಲು "ಅಕ್ಕಪಕ್ಕದವರು, ಮಾತನಾಡಿ ಸರಿಮಾಡಿಕೊಳ್ಳಿ" ಎಂದರು. ಆ ಮಾತು ನನ್ನನ್ನು ಬಹಳ ನೋಯಿಸಿತು, ಏಕೆಂದರೆ ಇದು ಬೇಲಿಯ ಜಗಳವಾಗಿರಲಿಲ್ಲ. ದೂರು ದಾಖಲಿಸಲು ಠಾಣಾಧಿಕಾರಿ ನಿರಾಕರಿಸಿದರೆ ದೂರು, ತನಿಖೆಗಳ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಂ ಪ್ರಕಾರ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಲಿಖಿತ ದೂರು ಕಳುಹಿಸಬಹುದು, ಅಲ್ಲಿಯೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು ಎಂದು ಕಾನೂನು ಸೇವಾ ಪ್ರಾಧಿಕಾರದ ವಕೀಲರು ತಿಳಿಸಿದರು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಪ್ರಾಧಿಕಾರದ ಈ ಕಾನೂನು ನೆರವು ಉಚಿತ.

ನೋಂದಾಯಿತ ಅಂಚೆಯ ದೂರಿನ ನಂತರ ಎಫ್‌ಐಆರ್ ದಾಖಲಾಗಿ, ಅದರ ಪ್ರತಿ ಶುಲ್ಕವಿಲ್ಲದೆ ನನ್ನ ಕೈಸೇರಿತು. ಪೊಲೀಸರು ಆತನನ್ನು ವಿಚಾರಣೆಗೆ ಕರೆದ ದಿನದಿಂದ ಆ ಕಿಟಕಿ ಮುಚ್ಚಿದೆ. ಪ್ರಕರಣವನ್ನು ನಾನು ಹಿಂಪಡೆದಿಲ್ಲ.