ಮಕ್ಕಳೊಂದಿಗೆ ಬಾದಾಮಿ: ಯಾವುದು ಮೊದಲು, ಯಾವುದು ಆಮೇಲೆ

ಬಾದಾಮಿಯಲ್ಲಿ ನೋಡಬೇಕಾದದ್ದೆಲ್ಲ ಒಂದೇ ಹೊಂಡದ ಸುತ್ತ ಇದೆ. ದಕ್ಷಿಣದ ಗುಡ್ಡದಲ್ಲಿ ಮೇಣಬಸದಿ ಎನ್ನುವ ನಾಲ್ಕು ಗುಹಾಲಯಗಳು, ಉತ್ತರದ ಗುಡ್ಡದ ಬುಡದಲ್ಲಿ ಮ್ಯೂಸಿಯಂ, ಅದರ ತಲೆಯ ಮೇಲೆ ಕೋಟೆ, ಪೂರ್ವದ ತುದಿಯಲ್ಲಿ ಭೂತನಾಥ ಗುಡಿ, ನಡುವೆ ಅಗಸ್ತ್ಯತೀರ್ಥ. ನಕ್ಷೆ ನೋಡಿದವರು ಅರ್ಧ ದಿನದ ಕೆಲಸ ಅಂದುಕೊಂಡು ಮಧ್ಯಾಹ್ನ ಹನ್ನೆರಡಕ್ಕೆ ಬಂದಿಳಿಯುತ್ತಾರೆ. ಆ ಹೊತ್ತಿಗೆ ಮೆಟ್ಟಿಲು ಕಾದಿರುತ್ತವೆ, ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ, ಮಕ್ಕಳು ಎರಡನೇ ಗುಹೆಯಲ್ಲೇ ಕುಳಿತುಬಿಡುತ್ತವೆ. ಬಿಸಿಲು, ಮಂಗ, ಮೆಟ್ಟಿಲು ಈ ಮೂರನ್ನು ನೋಡಿಕೊಂಡು ಕ್ರಮ ಹಾಕಿಕೊಂಡರೆ ಒಂದೂವರೆ ದಿನ ಬೇಕು, ಅಷ್ಟೇ ಸಾಕು ಕೂಡ. ನಾವು ಪಾಲಿಸುವ ಕ್ರಮ ಇಲ್ಲಿದೆ.

ತಿಂಗಳು ನವೆಂಬರಿನಿಂದ ಫೆಬ್ರವರಿ. ಮಾರ್ಚ್ ಕಳೆದರೆ ಕೆಂಪು ಮರಳುಗಲ್ಲು ಸಂಜೆಯಾದರೂ ಬಿಸಿ ಉಗುಳುತ್ತಿರುತ್ತದೆ, ಆಗ ಮಕ್ಕಳನ್ನು ಕರೆತರುವುದು ಬೇಡ. ವಾರದಲ್ಲಿ ಶುಕ್ರವಾರ ತಪ್ಪಿಸಿ, ಅಂದು ಮ್ಯೂಸಿಯಂಗೆ ರಜೆ. ರೈಲಿನಲ್ಲಿ ಬರುವವರು ಗಮನಿಸಿ, ಸ್ಟೇಷನ್ನಿಗೂ ಊರಿಗೂ 5 ಕಿ.ಮೀ. ಟಂಟಂ, ಆಟೊ ಸಿಗುತ್ತವೆ, ಆದರೆ ರಾತ್ರಿ ಇಳಿಯುವುದಾದರೆ ಉಳಿಯುವ ಕಡೆಯವರಿಗೆ ಮೊದಲೇ ಹೇಳಿ ಗಾಡಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಮೊದಲ ದಿನ ಬೆಳಿಗ್ಗೆ 9ಕ್ಕೆ ಮೇಣಬಸದಿಯ ಗೇಟಿನಲ್ಲಿರಬೇಕು. ನಾಷ್ಟಾ ಊರಲ್ಲೇ ಮುಗಿಸಿ, ಶೌಚಾಲಯದ ಕೆಲಸವನ್ನು ಕೆಳಗೇ ಮುಗಿಸಿ ಹತ್ತಿ, ಮೇಲೆ ಅದರ ವ್ಯವಸ್ಥೆ ಇಲ್ಲ. ದೊಡ್ಡವರಿಗೆ ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಗುಹೆಗಳ ಬಾಯಿ ಉತ್ತರಕ್ಕಿರುವುದರಿಂದ ಒಳಗೆ ಬಿಸಿಲು ಹೊಡೆಯುವುದಿಲ್ಲ. ತೊಂದರೆ ಇರುವುದು ಮೆಟ್ಟಿಲುಗಳಲ್ಲಿ ಮತ್ತು ಗುಹೆಗಳ ಮುಂದಿನ ಕಲ್ಲಂಗಳದಲ್ಲಿ. ಮೊದಲ ಗುಹೆಯೇ ನೆಲದಿಂದ 60 ಅಡಿಯಷ್ಟು ಎತ್ತರದಲ್ಲಿದೆ, ಅಲ್ಲಿಂದ ಎರಡನೆಯದಕ್ಕೆ ಅರವತ್ತು ಚಿಲ್ಲರೆ ಮೆಟ್ಟಿಲು, ಎರಡರಿಂದ ಮೂರಕ್ಕೆ ಮತ್ತೆ ಅಷ್ಟೇ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ. ಐದು ವರ್ಷದ ಮಗು ಹತ್ತುವಾಗ ಸಲೀಸಾಗಿ ಹತ್ತುತ್ತದೆ, ಇಳಿಯುವಾಗ ಮುಗ್ಗರಿಸುತ್ತದೆ. ಹಾಗಾಗಿ ಇಳಿಯುವಾಗ ದೊಡ್ಡವರೊಬ್ಬರು ಮಗುವಿಗಿಂತ ಎರಡು ಮೆಟ್ಟಿಲು ಕೆಳಗೆ, ಮುಂದೆ ಇರಬೇಕು. ತಳ್ಳುಗಾಡಿ ಇಲ್ಲಿ ಭಾರವಷ್ಟೇ. ಎರಡು ವರ್ಷದೊಳಗಿನ ಕೂಸಿದ್ದರೆ ಎದೆಗೆ ಕಟ್ಟಿಕೊಳ್ಳುವ ಚೀಲವೇ ಸರಿ, ಎರಡೂ ಕೈ ಬಿಡುವಾಗಿರುತ್ತವೆ.

ಇನ್ನು ಮಂಗಗಳು. ಇಲ್ಲಿ ಹೆಚ್ಚಿನ ಕುಟುಂಬಗಳ ದಿನ ಕೆಡುವುದು ಇವುಗಳಿಂದಲೇ. ಬಾದಾಮಿಯ ಮಂಗಕ್ಕೆ ಪ್ಲಾಸ್ಟಿಕ್ ಚೀಲದ ಸರಬರ ಸದ್ದು ಎಂದರೆ ತಿಂಡಿ. ಬಣ್ಣದ ತಂಪು ಪಾನೀಯದ ಬಾಟಲಿಯ ಮುಚ್ಚಳ ತೆಗೆಯುವುದೂ ಗೊತ್ತು. ಬೆನ್ನಚೀಲದ ಪಕ್ಕದ ಜೇಬಿನಲ್ಲಿ ನೀರಿನ ಬಾಟಲಿ ಸಿಕ್ಕಿಸಿಕೊಂಡು ಹೋದರೆ ಹಿಂದಿನಿಂದ ಬಂದು ಎಳೆಯುತ್ತದೆ, ಮಗು ಬೆದರಿ ಮೆಟ್ಟಿಲ ಮೇಲೆ ಓಡುತ್ತದೆ, ಬೀಳುವುದು ಆಗ. ಆದ್ದರಿಂದ ನಾವು ತಿಂಡಿ ಒಯ್ಯುವುದೇ ಇಲ್ಲ, ಬಿಸ್ಕತ್ತಿನ ಪೊಟ್ಟಣ ಕೂಡ ಇಲ್ಲ. ತಲೆಗೊಂದು ಲೀಟರ್ ನೀರು ಜಿಪ್ ಎಳೆದ ಚೀಲದೊಳಗೆ, ಆ ಚೀಲ ದೊಡ್ಡವರ ಎದೆಯ ಮೇಲೆ. ಮಕ್ಕಳ ಕೈ ಖಾಲಿ, ಗೊಂಬೆಯೂ ಬೇಡ. ಒಂದು ವೇಳೆ ಮಂಗ ಏನನ್ನಾದರೂ ಹಿಡಿದೆಳೆದರೆ ಬಿಟ್ಟುಬಿಡಬೇಕು, ಜಗ್ಗಾಡಬಾರದು. ಹಲ್ಲು ಕಾಣುವಂತೆ ನಗುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅದರ ಲೆಕ್ಕದಲ್ಲಿ ಜಗಳಕ್ಕೆ ಕರೆದಂತೆ. ಇದನ್ನು ಮಕ್ಕಳಿಗೆ ಕೆಳಗೇ ಹೇಳಿಡಿ. ಕೈಯಲ್ಲೊಂದು ಕೋಲಿದ್ದರೆ ಸಾಕು, ನೆಲಕ್ಕೆ ಕುಟ್ಟಿದರೆ ದೂರ ಸರಿಯುತ್ತವೆ. ಕಚ್ಚಿದರೆ ಅಥವಾ ಪರಚಿದರೆ, ರಕ್ತ ಬರದಿದ್ದರೂ, 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ರೇಬೀಸ್ ಚುಚ್ಚುಮದ್ದಿಗೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ ಮೆತ್ತಿ ಸುಮ್ಮನಾಗುವ ವಿಷಯ ಅಲ್ಲ ಇದು.

ಗುಹೆಯೊಳಗೆ ಚಿಕ್ಕವರಿಗೆ ಇತಿಹಾಸ ಒಪ್ಪಿಸಲು ಹೋದರೆ ಐದು ನಿಮಿಷವೂ ನಿಲ್ಲುವುದಿಲ್ಲ. ಹುಡುಕುವ ಕೆಲಸ ಕೊಟ್ಟರೆ ಅವರೇ ನಮ್ಮನ್ನು ಎಳೆದುಕೊಂಡು ಹೋಗುತ್ತಾರೆ. ಒಂದನೇ ಗುಹೆಯ ಬಲಕ್ಕೆ ಹೊರಬಂಡೆಯಲ್ಲಿ 18 ಕೈಯ ನಟರಾಜ ಇದ್ದಾನೆ. ಮೊದಲು ಕೈ ಎಣಿಸಲು ಹೇಳಿ. ಒಂದು ಬದಿಗೆ 9, ಇನ್ನೊಂದು ಬದಿಗೆ 9. ಎಡದ ಒಂದು ಕೈ, ಬಲದ ಒಂದು ಕೈ ಜೋಡಿಸುತ್ತ ಹೋದರೆ ಎಷ್ಟು ಭಂಗಿ ಆಗುತ್ತವೆ ಎಂದು ಕೇಳಿದರೆ, ಮಗ್ಗಿ ಬರುವ ಮಗು 81 ಅನ್ನುತ್ತದೆ. ಎದುರು ಬದಿಯಲ್ಲಿ ತ್ರಿಶೂಲ ಹಿಡಿದ ದ್ವಾರಪಾಲಕ, ಅವನ ಕಾಲ ಕೆಳಗೆ ಎರಡು ಪ್ರಾಣಿಗಳಿಗೆ ಒಂದೇ ತಲೆ. ಅಂಗೈಯನ್ನು ಕಣ್ಣಿನ ಮುಂದೆ ಹಿಡಿದು ಒಂದು ಮೈ ಮರೆಮಾಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಎತ್ತು. ಇದನ್ನು ನಾವು ತೋರಿಸಿಕೊಡಬಾರದು, ಅವರೇ ಕಂಡುಹಿಡಿಯಲಿ. ಇದೊಂದು ಸಿಕ್ಕರೆ ಮುಂದಿನ ಮೂರು ಗುಹೆಗೆ ಬೇಕಾದ ಹುರುಪು ಬಂದಂತೆ.

ಎರಡನೆಯದರಲ್ಲಿ ತಲೆ ಎತ್ತಿ ಚಾವಣಿಯಲ್ಲಿ ಮೀನಿನ ಚಕ್ರ ಹುಡುಕಬೇಕು; ಅರಗಳ ಜಾಗದಲ್ಲಿ 16 ಮೀನು. ಎರಡು ಮತ್ತು ಮೂರರ ನಡುವೆ ದಕ್ಷಿಣ ಕೋಟೆಗೆ ಹೋಗುವ ಕಡಿದಾದ ಮೆಟ್ಟಿಲಿದೆ. ಅದಕ್ಕೆ ಗೇಟು ಹಾಕಿದ್ದಾರೆ, ಅದು ಹಾಗೇ ಇರಲಿ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಕಾಲಮಾನ ಖಚಿತವಾಗಿ ಗೊತ್ತಿರುವುದೂ ಇದೊಂದೇ. ಚಾಲುಕ್ಯ ಅರಸುಮನೆತನದ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ್ದು ಎಂದು ಶಾಸನವೇ ಹೇಳುತ್ತದೆ. ಪಡಸಾಲೆಯ ತುದಿಯಲ್ಲಿ ಸುರುಳಿ ಸುತ್ತಿದ ಶೇಷನ ಮೇಲೆ ವಿಷ್ಣು ಕುಳಿತಿದ್ದಾನೆ. ವಿಷ್ಣು ಎಂದರೆ ಮಲಗಿದವನು ಎಂದೇ ಚಿತ್ರದಲ್ಲಿ ನೋಡಿದ ಮಕ್ಕಳು ಇಲ್ಲಿ ತಕರಾರು ತೆಗೆಯುತ್ತಾರೆ, ತೆಗೆಯಲಿ. ಕೆಳಗಿನ ಪಟ್ಟಿಯಲ್ಲಿ ಕುಣಿಯುವ ಡೊಳ್ಳುಹೊಟ್ಟೆಯ ಗಣಗಳು ಮಕ್ಕಳ ಕಣ್ಣಿನ ಎತ್ತರಕ್ಕೇ ಇವೆ. ಚಾವಣಿಯಂಚಿನ ಬಣ್ಣದ ಚಿತ್ರಗಳು ಮಾಸಿಹೋಗಿವೆ, ಕಣ್ಣು ಕತ್ತಲಿಗೆ ಹೊಂದಲು ಎರಡು ನಿಮಿಷ ನಿಂತರೆ ಮಾತ್ರ ಕಾಣುತ್ತವೆ. ನಾಲ್ಕನೆಯ ಜೈನ ಗುಹೆ ಚಿಕ್ಕದು. ಅಲ್ಲಿ ಬಾಹುಬಲಿಯ ಕಾಲಿಗೆ ಸುತ್ತಿದ ಬಳ್ಳಿ ನೋಡಿ, ಅಂಗಳದಿಂದ ಹೊಂಡ ನೋಡಿ, 11ರೊಳಗೆ ಇಳಿಯಲು ಶುರುಮಾಡಿ. ಮೊಣಕಾಲು ನೋವಿನ ಅಜ್ಜ ಅಜ್ಜಿ ಇದ್ದರೆ ಒಂದನೇ ಗುಹೆಗೆ ಕರೆದೊಯ್ದು ಅಲ್ಲಿಗೇ ನಿಲ್ಲಿಸಿ. ಅವರ ದಿನ ಸಂಜೆಗಿದೆ.

ಊಟ, ನಿದ್ದೆ ಮುಗಿಸಿ 3ರ ಹೊತ್ತಿಗೆ ಉತ್ತರದ ದಂಡೆ. ಮುಖ್ಯರಸ್ತೆಯಿಂದ ಮ್ಯೂಸಿಯಂವರೆಗಿನ ಓಣಿಗಳು ಇಕ್ಕಟ್ಟು, ಕಾರು ಒಳಗೆ ತೂರಿಸಿ ಸಿಕ್ಕಿಬೀಳುವ ಬದಲು ಹೊರಗೇ ನಿಲ್ಲಿಸಿ ನಡೆಯಿರಿ. ಮ್ಯೂಸಿಯಂ ಸಣ್ಣದು, ಮುಕ್ಕಾಲು ಗಂಟೆ ಸಾಕು. ಸಿಡಿಲಫಡಿ ಎಂಬ ಆದಿಮಾನವರ ಕಲ್ಲಾಸರೆಯ ಮಾದರಿ ಮಕ್ಕಳಿಗೆ ಹಿಡಿಸುತ್ತದೆ. ದೊಡ್ಡವರು ಸಂತಾನದ ದೇವತೆ ಲಜ್ಜಾಗೌರಿಯ ಶಿಲ್ಪ ಬಿಡಬೇಡಿ.

ಮ್ಯೂಸಿಯಂ ಪಕ್ಕದಿಂದಲೇ ಉತ್ತರ ಕೋಟೆಯ ದಾರಿ ಏಳುತ್ತದೆ. ಎರಡು ಬಂಡೆಗಳ ನಡುವಿನ ಸಂದಿಯಲ್ಲಿ, ಆಕಾಶ ಒಂದು ಪಟ್ಟಿಯಂತೆ ಕಾಣುವ ದಾರಿ. ಎಂಟು ವರ್ಷ ದಾಟಿದ ಮಕ್ಕಳಿಗೆ ಇಡೀ ಊರಲ್ಲಿ ಇದಕ್ಕಿಂತ ಇಷ್ಟವಾಗುವ ಜಾಗ ಇನ್ನೊಂದಿಲ್ಲ. ಮೇಲಿನ ಶಿವಾಲಯದವರೆಗೆ ಮಕ್ಕಳ ಹೆಜ್ಜೆಯಲ್ಲಿ 40 ನಿಮಿಷ ಹಿಡಿಯಿರಿ. ಆದರೆ ಮೇಲೆ ಬಂಡೆಯಂಚಿಗೆ ಎಲ್ಲ ಕಡೆ ಕಟಾಂಜನ ಇಲ್ಲ. ಒಬ್ಬ ಮಗುವಿಗೆ ಒಬ್ಬ ದೊಡ್ಡವರು ಎಂಬ ಲೆಕ್ಕ ಕೂಡದಿದ್ದರೆ ಕೆಳಗಿನ ಶಿವಾಲಯದಿಂದಲೇ ಹಿಂದಿರುಗಿ. ಸೆಲ್ಫಿ ಅಂಚಿನಲ್ಲಿ ಬೇಡ, ಸಂದಿಯೊಳಗೆ ತೆಗೆದರೆ ಬೆಳಕೂ ಚೆನ್ನ.

5ಕ್ಕೆ ಎಲ್ಲರೂ ಸೇರಿ ಭೂತನಾಥದ ಕಡೆ. ಹೊಂಡದ ದಂಡೆಯ ದಾರಿ ಸಮತಟ್ಟಾಗಿದೆ, ಅಜ್ಜ ಅಜ್ಜಿಯ ನಡಿಗೆಯಲ್ಲೂ ಕಾಲು ಗಂಟೆ. ಈ ದಾರಿಯಲ್ಲಿ ಹೇಳಲೆಂದೇ ವಾತಾಪಿಯ ಕಥೆ ಬೆಳಗಿನಿಂದ ಉಳಿಸಿಕೊಂಡಿರಬೇಕು. ಮೇಕೆಯಾಗಿ ಬೆಂದು ಹೊಟ್ಟೆ ಸೇರಿ, ಅಣ್ಣ ಇಲ್ವಲ ಕೂಗಿದೊಡನೆ ಹೊಟ್ಟೆ ಸೀಳಿ ಬರುತ್ತಿದ್ದ ರಾಕ್ಷಸ. ‘ಜೀರ್ಣೋ ಭವ’ ಎಂದು ಹೊಟ್ಟೆ ಸವರಿಕೊಂಡ ಅಗಸ್ತ್ಯ. ಊರಿನ ಹಳೆಯ ಹೆಸರು ವಾತಾಪಿ, ಹೊಂಡದ ಹೆಸರು ಅಗಸ್ತ್ಯತೀರ್ಥ, ಎದುರುಬದುರಿನ ಎರಡು ಗುಡ್ಡಗಳೇ ಆ ಅಣ್ಣತಮ್ಮಂದಿರು ಎನ್ನುತ್ತಾರೆ. ಕಥೆ ಮುಗಿಯುವುದರೊಳಗೆ ಗುಡಿ ಬಂದಿರುತ್ತದೆ. ದಾರಿಯಲ್ಲಿ ಬಟ್ಟೆ ಒಗೆಯುವ ಸದ್ದು ಒಂದಾದರೆ, ಎದುರು ಬಂಡೆಯಿಂದ ಮರಳಿ ಬರುವ ಸದ್ದು ಇನ್ನೊಂದು. ಮಕ್ಕಳು ಚಪ್ಪಾಳೆ ತಟ್ಟಿ ಪರೀಕ್ಷಿಸದೆ ಇರುವುದಿಲ್ಲ.

ಭೂತನಾಥ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಇಳಿಬಿಸಿಲು ನೇರ ಗುಡಿಯ ಮೇಲೆ ಬಿದ್ದು ಕಲ್ಲು ಜೇನುಬಣ್ಣಕ್ಕೆ ತಿರುಗುವುದು ಸಂಜೆ ಮಾತ್ರ, ಬೆಳಿಗ್ಗೆ ಬಂದವರಿಗೆ ಅದು ಸಿಗದು. ಹೊಂಡಕ್ಕಿಳಿಯುವ ಮೆಟ್ಟಿಲ ಕೊನೆಯ ಒಂದೆರಡಕ್ಕೆ ಪಾಚಿ ಕಟ್ಟಿರುತ್ತದೆ, ಹಸಿರು ಕಂಡಲ್ಲಿ ಕಾಲಿಡಬೇಡಿ. ನೀರಾಟಕ್ಕೆ ಈ ನೀರು ಯೋಗ್ಯವಲ್ಲ, ಅದಕ್ಕೆ ನಾಳೆ ಬೇರೆ ಜಾಗವಿದೆ. ಹೊಂಡದ ಈಶಾನ್ಯದ ಬಂಡೆಯಲ್ಲಿ ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುವ ಹಳೆಯ ಕನ್ನಡ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲನ್ನು ಪಠ್ಯದಲ್ಲಿ ಓದಿದ ಹೈಸ್ಕೂಲು ಮಕ್ಕಳಿದ್ದರೆ ಬೆಳಕಿರುವಾಗಲೇ ಕರೆದೊಯ್ಯಿರಿ. ಮಳೆಗಾಲದಲ್ಲಿ ಬಂದವರಿಗೆ ಒಂದು ಮಾತು: ಜೋರು ಮಳೆಯಾದ ಮೇಲೆ ಕೆಲವು ತಾಸು ಮಾತ್ರ ಬಂಡೆಯಿಂದ ಅಕ್ಕ-ತಂಗಿ ಎಂಬ ಜೋಡಿ ಜಲಪಾತ ಧುಮ್ಮಿಕ್ಕುತ್ತದೆ. ಆಗ ಕೋಟೆ ಹತ್ತುವುದನ್ನು ಬಿಟ್ಟು ಇದನ್ನು ನೋಡಿ.

ಎರಡನೇ ದಿನಕ್ಕೆ ಗಾಡಿ ಬೇಕು. ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಮಾತಾಡಿಕೊಳ್ಳಿ, ಇಲ್ಲವಾದರೆ ವಾಪಸು ಬಂದ ಮೇಲೆ ತಕರಾರು. 8ಕ್ಕೆ ಮಹಾಕೂಟ. ರಸ್ತೆಯಲ್ಲಿ 14 ಕಿ.ಮೀ. ಇಲ್ಲಿನ ವಿಷ್ಣು ಪುಷ್ಕರಿಣಿಗೆ ಬುಗ್ಗೆಯ ನೀರು, ಒಳಗೆ ಬಂದು ಹೊರಗೆ ಹರಿಯುತ್ತಲೇ ಇರುವುದರಿಂದ ತಿಳಿಯಾಗಿರುತ್ತದೆ. ಈಜು ಬರದ ಮಕ್ಕಳನ್ನು ಮೆಟ್ಟಿಲ ಮೇಲೆಯೇ ಕೂರಿಸಿ ಸ್ನಾನ ಮಾಡಿಸಿ, ನಡುವೆ ಆಳವಿದೆ. ಒಂದು ಜೊತೆ ಬಟ್ಟೆ, ಟವೆಲ್ ಮರೆತರೆ ಮುಂದಿನ ದಾರಿಯೆಲ್ಲ ಗೊಣಗಾಟ.

ಅಲ್ಲಿಂದ ಪಟ್ಟದಕಲ್ಲು, ಟಿಕೆಟ್ 40 ರೂಪಾಯಿ. ಎದುರಿಗೆ ವಿಶಾಲವಾದ ಹುಲ್ಲುಹಾಸು, ಗುಡಿಗಳೆಲ್ಲ ಪಕ್ಕಪಕ್ಕ, ಮೆಟ್ಟಿಲ ಕಾಟ ಇಲ್ಲ. ವಿರೂಪಾಕ್ಷದ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಪಟ್ಟಿಗಳಿವೆ. ಕೊಂಚ ದೂರದ ಪಾಪನಾಥ ಗುಡಿಯ ಗೋಡೆಯಲ್ಲಿ ರಾಮಾಯಣದ ಪಾತ್ರಗಳ ಕೆಳಗೆ ಹಳಗನ್ನಡ ಲಿಪಿಯಲ್ಲಿ ಹೆಸರು ಕೊರೆದಿದ್ದಾರೆ. ಒಂದೊಂದಾಗಿ ಅಕ್ಷರ ಗುರುತಿಸುವ ಆಟ ಅರ್ಧ ಗಂಟೆ ನಡೆಯುತ್ತದೆ. ಐಹೊಳೆ ಇನ್ನೂ ಮುಂದಿದೆ. ಹತ್ತು ವರ್ಷದೊಳಗಿನವರಿದ್ದರೆ ಈ ಸಲ ಬಿಟ್ಟುಬಿಡಿ, ಮೂರನೆಯ ಗುಡಿಗುಂಪು ಹೊತ್ತಿಗೆ ಅವರಿಗೆ ಕಲ್ಲು ಕಂಡರೇ ಅಳು ಬರುತ್ತದೆ.

ಒಂದೂವರೆಗೆ ಬಾದಾಮಿ ದಾಟಿ 5 ಕಿ.ಮೀ. ಆಚೆ ಬನಶಂಕರಿ. ದರ್ಶನ ಮುಗಿಸಿ ಹೋಟೆಲು ಹುಡುಕಬೇಡಿ. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಝುಣಕ, ಕೆಂಪು ಚಟ್ನಿ, ಶೇಂಗಾ ಚಟ್ನಿ, ಪುಟ್ಟ ಕುಡಿಕೆಯಲ್ಲಿ ಗಟ್ಟಿ ಮೊಸರು ಮಾರುತ್ತಾರೆ. ‘ಯವ್ವಾ, ಹುಡುಗರಿಗೆ ಖಾರ ಬ್ಯಾಡ’ ಅಂದರೆ ಮೊಸರು, ಶೇಂಗಾ ಚಟ್ನಿಯಲ್ಲೇ ಹೊಟ್ಟೆ ತುಂಬಿಸಿ ಕಳಿಸುತ್ತಾರೆ. ಸಂಜೆಯಾದಂತೆ ಬುಟ್ಟಿ ಖಾಲಿಯಾಗುತ್ತದೆ, ಹಾಗಾಗಿ ತಡ ಮಾಡಬೇಡಿ. ಪುಷ್ಯ ಮಾಸದ ಬನದ ಹುಣ್ಣಿಮೆ ಜಾತ್ರೆಗೆ ನಾಟಕ ಕಂಪನಿಗಳು ಬೀಡುಬಿಟ್ಟು ರಾತ್ರಿಯೆಲ್ಲ ಗದ್ದಲ. ದೊಡ್ಡ ಮಕ್ಕಳಿಗೆ ಅದು ಹಬ್ಬವೇ, ಕೂಸಿನೊಂದಿಗೆ ಮಾತ್ರ ಆ ವಾರ ಬರಬೇಡಿ, ರೂಮೂ ಸಿಗದು, ರಸ್ತೆಯೂ ಸಿಗದು.