ಡಬ್ಬಿಯಲ್ಲೇ ಕೆಟ್ಟ ಗಂಟು

ರಾಯಚೂರಿನ ಕಡೆ ಕುತ್ತಿಗೆಯಲ್ಲಿ ಗಂಟು ಕಂಡರೆ ಮೊದಲು ಬಾಯಿಗೆ ಬರುವುದು ಟಿಬಿ. ಬಹಳ ಸಲ ಅದು ಟಿಬಿಯೇ ಆಗಿರುತ್ತದೆ ಕೂಡ. ಪೆಥಾಲಜಿಸ್ಟ್ ಆದ ನನಗೆ ಬೇಕಿದ್ದುದು ಉಳಿದ ಗಂಟುಗಳು. ಅವುಗಳಲ್ಲಿ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಎಷ್ಟು ಅಡಗಿದೆ ಎಂದು ಹುಡುಕಲು ಹೊರಟಿದ್ದೆ.

ಮಾನ್ವಿ ಕಡೆಯ ಒಬ್ಬ ಹುಡುಗ ಬಂದ. "ಆರು ತಿಂಗಳ ಗುಳಿಗಿ ನುಂಗೀನ್ರಿ ಮೇಡಂ, ಗಂಟು ಕರಗವಲ್ದು" ಅಂದ. ರಾತ್ರಿ ಅಂಗಿ ತೊಯ್ಯುವಷ್ಟು ಬೆವರು, ತೂಕವೂ ಇಳಿದಿತ್ತು. ಸೂಜಿ ಹಾಕಿ ನೋಡಿ ಟಿಬಿ ಎಂದಿದ್ದರು. ಹಾಡ್ಗ್‌ಕಿನ್ ಲಿಂಫೋಮಾದಲ್ಲೂ ಟಿಬಿಯಂಥ ಗ್ರಾನುಲೋಮಾ (ಉರಿಯೂತದ ಕಣಗಳ ಗುಂಪು) ಕಾಣಬಹುದು. ಸೂಜಿಗೆ ಸಿಗುವುದು ನಾಲ್ಕು ಜೀವಕಣ ಅಷ್ಟೇ. ಗಂಟಿನ ಒಳರಚನೆ ನೋಡಬೇಕಾದರೆ ಇಡೀ ಗಂಟನ್ನೇ ತೆಗೆಯಬೇಕು.

ತೆಗೆಸಿದೆವು. ಅವನ ಅಣ್ಣ ಬಸ್ಸಿನಲ್ಲಿ ತಂದ ಬಾಟಲಿಗೆ ಸಣ್ಣ ಬಾಯಿ. ಹಾಕುವಾಗ ಮೆತ್ತಗಿದ್ದ ಗಂಟು, ಅದು ಕೆಡದಂತೆ ಕಾಯುವ ದ್ರಾವಣವಾದ ಫಾರ್ಮಾಲಿನ್‌ನಲ್ಲಿ ಗಟ್ಟಿಯಾಗಿ, ಹೊರಗೆ ಬರಲೊಲ್ಲದು! ಬಾಟಲಿ ಒಡೆದು ತೆಗೆದೆ. ಕುಯ್ದು ನೋಡಿದರೆ ಅಂಚು ಚೆನ್ನಾಗಿದೆ, ನಡುಭಾಗ ಕೊಳೆತಿದೆ. ಫಾರ್ಮಾಲಿನ್ ಒಳಗೆ ಇಳಿಯುವುದು ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಇಡಿಯಾಗಿ ಹಾಕಿದರೆ ಅದು ನಡುವಿಗೆ ಮುಟ್ಟುವ ಮೊದಲೇ ಕಣಗಳು ಹಾಳು. ಸರ್ಜನ್‌ಗೆ ಇದನ್ನು ಮೊದಲೇ ಹೇಳಬೇಕಿತ್ತು. ಹೇಳಿರಲಿಲ್ಲ, ತಪ್ಪು ನನ್ನದೇ. ಇನ್ನೊಂದು ಗಂಟು ತೆಗೆಯಬೇಕೆಂದಾಗ ಅವನ ಅವ್ವ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ.

ಎರಡನೇ ಸಲ ನಾನೇ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತೆ. ಹಸಿ ಇರುವಾಗಲೇ ಗಂಟನ್ನು ಎರಡು ಹೋಳು ಮಾಡಿ, ಕುಯ್ದ ಮೈಯನ್ನು ಗಾಜಿನ ಸ್ಲೈಡಿಗೆ ಮೆಲ್ಲಗೆ ಒತ್ತಿದೆ. ಒಂದು ಚೂರನ್ನು ಟಿಬಿ ಪರೀಕ್ಷೆಗೆಂದು ಸಲೈನ್‌ನಲ್ಲಿಟ್ಟೆ, ಫಾರ್ಮಾಲಿನ್‌ನಲ್ಲಿ ಹಾಕಿದರೆ ಕ್ರಿಮಿ ಸತ್ತು ಕಲ್ಚರ್ ಬೆಳೆಯುವುದಿಲ್ಲ. ಉಳಿದದ್ದು ಅಗಲ ಬಾಯಿಯ ಡಬ್ಬಿಗೆ, ಗಂಟಿನ ಹತ್ತು ಪಟ್ಟು ಫಾರ್ಮಾಲಿನ್ ಜೊತೆಗೆ.

ಈ ಸಲ ಸ್ಲೈಡಿನಲ್ಲಿ ಗೂಬೆಯ ಕಣ್ಣಿನಂಥ ಜೋಡಿ ನ್ಯೂಕ್ಲಿಯಸ್‌ನ ದೊಡ್ಡ ಕಣಗಳು ಸಿಕ್ಕವು, ಹಾಡ್ಗ್‌ಕಿನ್ ಕಾಯಿಲೆಯ ಗುರುತು: ರೀಡ್-ಸ್ಟರ್ನ್‌ಬರ್ಗ್. ಥಾಮಸ್ ಹಾಡ್ಗ್‌ಕಿನ್ 1832ರಲ್ಲಿ ಈ ಕಾಯಿಲೆ ಬಗ್ಗೆ ಬರೆದಾಗ ಬರಿಗಣ್ಣಿಗೆ ಕಂಡದ್ದನ್ನೇ ನೆಚ್ಚಿದ್ದರು. ನಮಗೆ ಅಷ್ಟು ಸಾಲದು. ಗಂಟಿನ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕನ್ನು ಹೈದರಾಬಾದಿಗೆ ಕಳಿಸಿದೆ. ಕಣದ ಬಗೆ ತಿಳಿಸುವ ಗುರುತಿನ ಪ್ರೋಟೀನುಗಳಾದ ಸಿಡಿ30, ಸಿಡಿ15 ಎರಡೂ ಪಾಸಿಟಿವ್ ಬಂದವು, ಕ್ಲಾಸಿಕಲ್ ಹಾಡ್ಗ್‌ಕಿನ್ ಖಚಿತವಾಯಿತು. ನಾಲ್ಕು ಔಷಧಿ ಸೇರಿದ ಎಬಿವಿಡಿ ಕೀಮೋ ಶುರುವಾಯಿತು. ಸಿಡಿ20 ಇರುವ ಬಿ-ಕಣದ ಲಿಂಫೋಮಾ ಆಗಿದ್ದರೆ ರಿಟುಕ್ಸಿಮ್ಯಾಬ್ ಎಂಬ ಔಷಧಿ ಸೇರುತ್ತಿತ್ತು, ದಾರಿಯೇ ಬೇರೆ. ಕೊಳೆತ ಗಂಟಿನಲ್ಲಿ ಈ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಮೊದಲ ಕೀಮೋ ಮುಗಿದ ಸಂಜೆ ಅವನದೇ ಫೋನ್: "ಮೇಡಂ, ಮೂತ್ರ ಕೆಂಪಗೆ ಬರಾಕತ್ತೈತ್ರಿ." ಅದು ಕೀಮೋದಲ್ಲಿರುವ ಅಡ್ರಿಯಾಮೈಸಿನ್ ಔಷಧಿಯ ಬಣ್ಣ, ಎರಡು ದಿನಕ್ಕೆ ಹೋಗುತ್ತದೆ ಅಂದೆ.

ಆಮೇಲೆ ಗೊತ್ತಿದ್ದ ಸರ್ಜನ್‌ಗಳಿಗೆಲ್ಲ ಅಗಲ ಬಾಯಿಯ ಡಬ್ಬಿ ಹಂಚಿದೆ. ಬಯಾಪ್ಸಿಗೆ ಮೊದಲು ಸುಮ್ನೆ ಸ್ಟೆರಾಯ್ಡ್ ಕೊಡಬೇಡಿ, ಲಿಂಫೋಮಾ ಕಣ ಕರಗಿ ಏನೂ ಕಾಣುವುದಿಲ್ಲ ಎಂದೂ ಹೇಳಿದೆ. ಮೊನ್ನೆ ಸಿಂಧನೂರಿನಿಂದ ಒಂದು ಡಬ್ಬಿ ಬಂತು. ಅಗಲ ಬಾಯಿ, ತುಂಬ ಫಾರ್ಮಾಲಿನ್. ಗಂಟನ್ನು ಮಾತ್ರ ಕುಯ್ದಿರಲಿಲ್ಲ. ಮತ್ತೆ ಫೋನ್ ಹಚ್ಚಿದೆ.